ಗುಚ್ಛದೊಳಗಿನ ಜೋಡಿ

ಇಲ್ಲಮ್ಮ, ಒಳಗೆ ಬರಲ್ಲ... ಗೇಟ್ ಹತ್ರಾನೇ ಸಾಕು. ಹೇಳಿದ್ನಲ್ಲ, ನಿಮ್ಮ ಮನೋಜ್ ಇವತ್ತು ಬರಲ್ಲ. ದೂರದರ್ಶಕದ ಬೆಟ್ಟದಲ್ಲಿ ಸಿಗ್ನಲ್ ಸಿಗಲ್ಲ, ಅದಕ್ಕೇ ನನ್ನ ಕಳಿಸ್ದ. ಅಮ್ಮ ಊಟಕ್ಕೆ ಕಾಯ್ತಾ ಕೂತಿರ್ತಾಳೆ ಸಿದ್ಧಾರ್ಥ, ಹೇಳಿಬಿಡು ಅಂದ.

ಯಾಕೆ ನಗ್ತೀರಾ? ನಕ್ಷತ್ರಾನೇ ಕಟ್ಕೊಂಡಿದಾನೆ ಅಂತಾನಾ? ಏನ್ಮಾಡೋದಮ್ಮ, ನಮ್ಮ ಕೆಲಸ ಅಂಥದ್ದು. ಲಕ್ಷಗಟ್ಟಲೆ ನಕ್ಷತ್ರ ಒಂದೇ ಕಡೆ ಉಂಡೆ ಕಟ್ಕೊಂಡಿರುತ್ತೆ... ಗುಚ್ಛ ಅಂತೀವಿ. ಹಬ್ಬದ ಹಿಂದಿನ ದಿನ ನಿಮ್ಮ ಸಾರಕ್ಕಿ ಮಾರ್ಕೆಟ್ಟಲ್ಲಿ ಜನ ಇರಲ್ವಾ, ಹಾಗೆ. ಆ ನೂಕುನುಗ್ಗಲಲ್ಲಿ ಯಾವ ಎರಡು ಒಂದನ್ನೊಂದು ಸುತ್ತುತ್ತಿವೆ ಅಂತ ಹುಡುಕ್ಬೇಕು. ಜೋಡಿ ಬೇರೆ ಬೇರೆಯಾಗಿ ಕಾಣಲ್ಲ. ಒಂದು ಇನ್ನೊಂದಕ್ಕೆ ಅಡ್ಡ ಬಂದಾಗ ಬೆಳಕು ಚೂರು ಮಂಕಾಗುತ್ತೆ, ಅಷ್ಟೇ ಗುರುತು. ಅದೂ ಒಂದ್ಸಲ ಆದ್ರೆ ಸಾಲಲ್ಲ. ಪಕ್ಕದ ನಕ್ಷತ್ರದ ಬೆಳಕು ಬೆರೆತು ಮೋಸ ಮಾಡಿರಬಹುದು. ಮತ್ತೆ ಮಂಕಾಗೋವರೆಗೂ ಕಾಯ್ಬೇಕು. ನಿಮ್ಮ ಮಗ ಒಂದನ್ನ ಹಿಡಿದಿದಾನಮ್ಮ. ಅದಕ್ಕೇ ಇನ್ನೊಂದು ವಾರ... ಹೂಂ, ಒಂದು ವಾರ ಇರ್ತಾನೆ. ಖುಷಿಯಾಗಿದಾನೆ. ಸಖತ್ ಖುಷಿ...

ನೀರೂ ಬೇಡಮ್ಮ. ಲೋಟ ಅಲ್ಲೇ ಇಡಿ, ನನ್ನ ಮುಟ್ಟಬೇಡಿ... ಜ್ವರ ಏನಿಲ್ಲ. ನೀವು ಯಾವತ್ತೂ ನನ್ನ ಹೊರಗೆ ನಿಲ್ಲಿಸ್ದೋರಲ್ಲ, ಗೊತ್ತು. ಅಡುಗೆಮನೇಲಿ ಕೂತು ನಿಮ್ಮ ಕೈಯಡುಗೆ ಉಂಡೋನು ನಾನು. ಇವತ್ತು ಸ್ನಾನ ಆಗಿಲ್ಲ, ಅದಕ್ಕೇ... ತಿಲಕ್ ನಗರದಲ್ಲಿ ನಮ್ಮ ಮನೇಲಿ ಇದೆಲ್ಲ ನೋಡಲ್ಲ, ನಾವು ಬೌದ್ಧರು. ನೀವು ಮೈಲಿಗೆ ನೋಡ್ತೀರಲ್ಲ, ನಿಮ್ಮ ಮನಸ್ಸಿಗೆ ಯಾಕೆ ನೋವು ಅಂತ...

ಮೈಲಿಗೆ ಎಲ್ಲಿಂದ ಬಂತು ಅಂತೀರಾ? ಏನಿಲ್ಲ. ಸುಮ್ನೆ ಬಾಯಿಗೆ ಬಂತು.

ಅಮ್ಮ? ಎಲ್ಲಿಗೆ ಹೋಗ್ತೀರಾ?

ಬಕೆಟ್ ಯಾಕಮ್ಮ... ಭಾರ ಇದೆ, ಅಲ್ಲೇ ಇಡಿ. ಚೊಂಬು ಕೆಳಗಿಡಿ ಅಮ್ಮ. ಏನಾದ್ರೂ ಕೇಳಿ. ಮನೋಜ ಯಾವಾಗ ಬರ್ತಾನೆ ಅಂತ ಒಂದು ಮಾತು ಕೇಳಿ, ಇನ್ನೊಂದು ಸುಳ್ಳು ಹೇಳ್ತೀನಿ.

ಕೇಳಲ್ವಾ...

ಘಾಟಲ್ಲಿ, ಅಮ್ಮ. ನಿನ್ನೆ ಸಂಜೆ ಬೈಕಲ್ಲಿ ಇಳೀತಿದ್ದ. ಇವತ್ತಿನ ಊಟಕ್ಕೆ ಅಂತಾನೇ ಹೊರಟಿದ್ದ. ಶವಾಗಾರದಿಂದ ನೆಟ್ಟಗೆ ಇಲ್ಲಿಗೇ ಬಂದೆ... ಗುರುತು ಹಿಡಿದಿದ್ದು ನಾನೇ.

ಹೂಂ, ಸುರೀರಿ. ತಲೆ ಮೇಲೆ ಸುರೀರಿ. ಒಳಗೆ ಟೀವಿ ಓಡ್ತಾ ಇದೆಯಲ್ಲ... ಮನೋಜನ ಅಪ್ಪಂಗೆ ನಾನೇ ಹೇಳ್ತೀನಿ. ನೀವು ಇಲ್ಲೇ ಕೂತ್ಕೊಳ್ಳಿ.