ಕರಡಿಗೆ ಕೇಸಿನ ಆರೋಪಿ ಆಡಿದ ಮಾತು

ವೇದಿಕೆಯ ಮೇಲಿರುವ ವಕೀಲರ ಸಂಘದ ಅಧ್ಯಕ್ಷರೇ, ನಿವೃತ್ತಿಯ ಹಾರ ಹಾಕಿಸಿಕೊಂಡು ಕತ್ತು ತುರಿಸಿಕೊಳ್ಳುತ್ತಿರುವ ಸನ್ಮಾನ್ಯ ನ್ಯಾಯಾಧೀಶರಾದ ಮುರುಗೇಶಪ್ಪನವರೇ, ದಾವಣಗೆರೆಯಿಂದ ಬಂದಿರುವ ಹಿರಿಯ ವಕೀಲ ಗಿಡ್ಡಪ್ಪನವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ, ಹಿಂದೆ ನಿಂತೇ ಇರುವ ಸಭಿಕರೇ,

ನನ್ನ ಹೆಸರು ಮಸ್ತಾನಸಾಬ್. ಇದೇ ಹರಿಹರದಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದೇನೆ. ನನಗಿಂತ ಮೊದಲು ಮಾತಾಡಿದವರೆಲ್ಲ ಮುರುಗೇಶಪ್ಪನವರ ಜೊತೆ ಓದಿದವರು, ಅವರ ಮುಂದೆ ವಾದ ಮಾಡಿದವರು. ನಾನು ಅವರ ಮುಂದೆ ಆರೋಪಿಯಾಗಿ ನಿಂತವನು. ನಗಿ, ಪರವಾಗಿಲ್ಲ. ಸನ್ಮಾನಕ್ಕೆ ಆರೋಪಿಯನ್ನು ಕರೆಯುವುದು ಯಾವ ಊರಿನ ಪದ್ಧತಿ ಎಂದು ನನ್ನ ಹೆಂಡತಿ ಸುಗ್ರಾಬಿಯೂ ಕೇಳಿದಳು. "ಅಲ್ಲಿ ಮತ್ತೆ ಮೂರು ಸಲ ಹೆಸರು ಕೂಗ್ತಾರೇನ್ರಿ?" ಅಂದಳು. ಇಲ್ಲ, ಈ ಸಲ ಒಂದೇ ಸಲ ಕೂಗಿದರು, ಅದೂ "ಶ್ರೀ" ಸೇರಿಸಿ.

ಐದು ನಿಮಿಷದಲ್ಲಿ ಮುಗಿಸಬೇಕೆಂದು ಗಿಡ್ಡಪ್ಪನವರು ಕಿವಿಯಲ್ಲಿ ಹೇಳಿದ್ದಾರೆ. ನನ್ನ ಕೇಸು ನಡೆಸಿದವರು ಅವರೇ. ಆಗ ಅವರು ತೆಗೆದುಕೊಂಡ ವಾಯಿದೆಗಳನ್ನೆಲ್ಲ ನಾನು ತುಟಿ ಬಿಚ್ಚದೆ ಸಹಿಸಿದ್ದೇನೆ. ಇವತ್ತು ಅವರ ಸರದಿ.

ಎಪ್ಪತ್ತಾರನೇ ಇಸವಿ ಇರಬೇಕು. ನಾವು ದಾವಣಗೆರೆಯ ವಿನೋಬನಗರದಲ್ಲಿದ್ದೆವು. ನಾನು ಉಜ್ಜನಪ್ಪ ಎಂಬ ಸಾಹುಕಾರರ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಕೆಲಸಕ್ಕಿದ್ದೆ. ಉಜ್ಜನಪ್ಪನವರು ಲಿಂಗಪೂಜೆ ಆಗದೆ ಒಂದು ಗುಟುಕು ಚಾ ಕೂಡ ಮುಟ್ಟದವರು. ದಿನಾ ಬೆಳಿಗ್ಗೆ ಭಟ್ಟಿಯ ಹಿಂದಿನ ಕೋಣೆಯಲ್ಲಿ ಕುಳಿತು, ಕೊರಳಿನ ಬೆಳ್ಳಿ ಕರಡಿಗೆ ಬಿಚ್ಚಿ, ಅದರೊಳಗಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದರು. ಬರಿದಾದ ಕರಡಿಗೆ ಪಕ್ಕದ ಮಣೆಯ ಮೇಲಿರುತ್ತಿತ್ತು. ಆ ಹೊತ್ತಿನಲ್ಲಿ ನಾವು ಯಾರೂ ಜೋರಾಗಿ ಕೆಮ್ಮುತ್ತಲೂ ಇರಲಿಲ್ಲ.

ಒಂದು ದಿನ ಪೂಜೆ ಮುಗಿಯುವಷ್ಟರಲ್ಲಿ ಮಣೆಯ ಮೇಲೆ ಕರಡಿಗೆ ಇರಲಿಲ್ಲ. ಅದು ಅವರ ತಂದೆ ಕಟ್ಟಿಕೊಂಡಿದ್ದ ಕರಡಿಗೆ. ಪೂಜೆಯ ನಡುವೆ ಏಳುವಂತಿಲ್ಲ, ಮಾತಾಡುವಂತಿಲ್ಲ. ಆದ್ದರಿಂದ ಕೂಗಲಿಲ್ಲ, ಮುಗಿದ ಮೇಲೆ ಹೊರಗೆ ಬಂದು, ಭಟ್ಟಿಯವರೆಲ್ಲ ತಮ್ಮತಮ್ಮಲ್ಲೇ ಗುಸುಗುಟ್ಟಿದ ಮೇಲೆ ನನ್ನತ್ತ ಕೈ ತೋರಿಸಿದರು. "ಇವನೇ ಬಂದು ತಗಂಡು ಹೋದ. ನಾ ಕಂಡೀನಿ" ಅಂದರು.

ಮುಂದಿನದು ನಿಮಗೆ ಗೊತ್ತೇ ಇದೆ. ಸ್ಟೇಷನ್ನಿನಲ್ಲಿ ನನ್ನ ಹೆಸರು ಮಸ್ತಾನಸಾಬ್ ಅಲ್ಲ, "ಲೇ" ಎಂದಾಯಿತು. ಮನೆಯನ್ನೆಲ್ಲ ತಡಕಾಡಿದರು, ಕರಡಿಗೆ ಸಿಗಲಿಲ್ಲ. ಸಿಗದಿದ್ದಕ್ಕೆ ನನ್ನನ್ನು ಬಿಟ್ಟರೇ? ಸಿಗದಂತೆ ಬಚ್ಚಿಟ್ಟಿದ್ದಾನೆ, ಭಾರಿ ಖದೀಮ ಎಂದರು. ಬೀದಿಯವರು ಅವನೇ ಎಂದು ಹೇಳಲಿಲ್ಲ, "ಮತ್ಯಾರು?" ಎಂದು ಕೇಳಿದರು. ಸಭಿಕರೇ, "ಅವನೇ" ಎಂದರೆ ಅಲ್ಲ ಎನ್ನಬಹುದು. "ಮತ್ಯಾರು" ಎಂದರೆ ಏನು ಹೇಳುವುದು? ಅಂಗಡಿಯವನು ನನ್ನ ಹೆಂಡತಿಗೆ ಸೀಮೆಎಣ್ಣೆ ಕೊಡುವಾಗ ಗಲ್ಲಾಪೆಟ್ಟಿಗೆ ಮುಚ್ಚುತ್ತಿದ್ದನಂತೆ. ಅವಳು ಅದನ್ನು ಹೇಳಿ ಅತ್ತ ದಿನ ನನಗೆ ಜೈಲೇ ವಾಸಿ ಅನ್ನಿಸಿತು.

ಕೇಸು ಮುರುಗೇಶಪ್ಪನವರ ಮುಂದೆ ಬಂತು. ಮುಚ್ಚುಮರೆ ಯಾಕೆ, ಅವರ ಹಣೆಯ ವಿಭೂತಿ ನೋಡಿಯೇ ನಾನು ಹೆದರಿಬಿಟ್ಟೆ. ಕಳೆದದ್ದು ಕರಡಿಗೆ, ಕಳೆದುಕೊಂಡವರು ಲಿಂಗವಂತರು, ಕೂತವರೂ ಲಿಂಗವಂತರು, ನಿಂತವನು ಸಾಬಿ. ನಮ್ಮ ಓಣಿಯಲ್ಲಿ ಆಗಲೇ ತೀರ್ಪು ಬರೆದಾಗಿತ್ತು.

ಉಜ್ಜನಪ್ಪನವರು ಕಟಕಟೆ ಹತ್ತಿದರು. ಸರ್ಕಾರಿ ವಕೀಲರು, ಇಂಥ ದೈವಭಕ್ತರು ಸುಳ್ಳು ಹೇಳುತ್ತಾರೆಯೇ ಎಂದು ಕೇಳಿದರು. ಮುರುಗೇಶಪ್ಪನವರು, "ಇವರು ಸುಳ್ಳು ಹೇಳ್ತಾರೆ ಅಂತ ನನಗೂ ಅನ್ನಿಸೋದಿಲ್ಲ. ಒಂದು ಮಾತು ನಾನೇ ಕೇಳ್ತೀನಿ" ಅಂದರು. ಆಮೇಲೆ ಸಾಕ್ಷಿಯ ಕಡೆ ತಿರುಗಿದರು.

"ಉಜ್ಜನಪ್ಪನವರೇ, ಲಿಂಗ ಅಂಗೈಯಾಗ ಇದ್ದಾಗ ನಿಮ್ಮ ದೃಷ್ಟಿ ಎಲ್ಲಿರ್ತದೆ?"

ಹೊರಗೆ ನಿಂತಿದ್ದ ಉಜ್ಜನಪ್ಪನವರ ನೆಂಟರೆಲ್ಲ ಒಳಗೆ ಇಣುಕಿದರು. ದೃಷ್ಟಿ ಲಿಂಗದ ಮೇಲಿತ್ತು ಎಂದರೆ ಕಳ್ಳನನ್ನು ನೋಡಿಲ್ಲ. ಕಳ್ಳನನ್ನು ನೋಡಿದೆ ಎಂದರೆ ಪೂಜೆ ಕೆಟ್ಟಿತು. ಇಂಥ ಪ್ರಶ್ನೆ ನಮ್ಮ ಗಿಡ್ಡಪ್ಪನವರಿಗೆ ಹೊಳೆದಿರಲಿಲ್ಲ, ಬೇಜಾರಾಗಬೇಡಿ ವಕೀಲರೇ. ದಿನಾ ಆ ಪೂಜೆ ಮಾಡುವವರಿಗಷ್ಟೇ ಹೊಳೆಯುವ ಪ್ರಶ್ನೆ ಅದು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ನನ್ನ ಕೈ ಹಿಡಿಯಿತು.

ಉಜ್ಜನಪ್ಪನವರು ತಮ್ಮ ಅಂಗೈಯನ್ನೊಮ್ಮೆ ನೋಡಿಕೊಂಡರು. ಅವರು ಮನಸ್ಸು ಮಾಡಿದ್ದರೆ ಏನಾದರೂ ಹೇಳಬಹುದಿತ್ತು. ಆಮೇಲೆ, "ಲಿಂಗದ ಮೇಲ ಇತ್ತು ಸ್ವಾಮಿ. ಕಣ್ಣಂಚಿನಾಗ ಒಂದು ಕರಿ ಮಾರಿ ಹೋದಂಗಾತು" ಅಂದರು.

ಭಟ್ಟಿಯಲ್ಲಿ ಕರಿ ಮುಖ ಯಾರದ್ದಲ್ಲ? ಹೊಟ್ಟಿನ ಹೊಗೆಯಲ್ಲಿ ಹೊತ್ತೇರುವುದರೊಳಗೆ ನಾವೆಲ್ಲ ಒಬ್ಬ ತಾಯಿಯ ಮಕ್ಕಳ ಹಾಗೆ ಕಾಣುತ್ತಿದ್ದೆವು. ಹಾಗಾದರೆ ಇವನನ್ನೇ ಯಾಕೆ ತೋರಿಸಿದಿರಿ ಎಂದು ಗಿಡ್ಡಪ್ಪನವರು ಕೇಳಿದ್ದಕ್ಕೆ ಉಜ್ಜನಪ್ಪನವರು, "ಮತ್ಯಾರು ಅಂತ ಎಲ್ರೂ ಅಂದ್ರು" ಎಂದರು.

ತೀರ್ಪಿನ ದಿನ ಬಂತು. ಆರೋಪ ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತಾಗಿಲ್ಲ, ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ, ಬಿಡುಗಡೆ ಎಂದು ಓದಿದರು. ನಾನು ಕೈ ಮುಗಿದು ಮನೆಗೆ ಹೋದೆನೇ? ಇಲ್ಲ ಸ್ವಾಮಿ, ಜಗಳಕ್ಕೆ ನಿಂತೆ. "ಸಂಶಯದ ಲಾಭ ನಂಗ್ಯಾಕ್ರಿ? ನಾ ಕದ್ದಿಲ್ಲ ಅಂತ ಬರೀರಿ" ಅಂದೆ. ಪೊಲೀಸಿನವರು ರಟ್ಟೆ ಹಿಡಿದರು. ಮುರುಗೇಶಪ್ಪನವರು ಕೈ ಎತ್ತಿ ಅವರನ್ನು ತಡೆದರು. "ಮಸ್ತಾನಸಾಬ್ರೇ, ನಾನು ಅಲ್ಲಿರಲಿಲ್ಲ. ಕದ್ದೀರಿ ಅಂತ ಹೇಳೋಕೂ ಇರಲಿಲ್ಲ, ಕದ್ದಿಲ್ಲ ಅಂತ ಹೇಳೋಕೂ ಇರಲಿಲ್ಲ. ಮನೆಗೆ ಹೋಗ್ರಿ" ಅಂದರು.

ನಾನು ಹೋದೆ, ಆದರೆ ಸಿಟ್ಟು ಹೋಗಲಿಲ್ಲ. ಊರಿನವರು "ಸಾಕ್ಷಿ ಸಾಲ್ದೆ ಬಿಟ್ಟಾರಷ್ಟೇ" ಎಂದಾಗಲೆಲ್ಲ ನಾನು ಉಜ್ಜನಪ್ಪನವರನ್ನು ಬೈಯುತ್ತಿರಲಿಲ್ಲ, ಮುರುಗೇಶಪ್ಪನವರೇ, ನಿಮ್ಮನ್ನೇ ಬೈಯುತ್ತಿದ್ದೆ. ನಾಲ್ಕು ಅಕ್ಷರ ಬರೆಯಲು ಇವರ ಗಂಟೇನು ಹೋಗುತ್ತಿತ್ತು ಎನ್ನುತ್ತಿದ್ದೆ. ಅದೇ ಸಿಟ್ಟಿನಲ್ಲಿ ಊರು ಬಿಟ್ಟು ಹರಿಹರಕ್ಕೆ ಬಂದೆ. ಹೊಟ್ಟೆ ಬಟ್ಟೆ ಕಟ್ಟಿ ಈ ಭಟ್ಟಿ ಮಾಡಿಕೊಂಡೆ.

ಇಲ್ಲಿಗೆ ಬಂದ ಮೇಲೆ ಒಂದು ದಿನ ಸುಗ್ರಾಬಿಯ ಬೆಳ್ಳಿ ಕಾಲುಚೈನು ಕಾಣೆಯಾಯಿತು. ಭಟ್ಟಿಗೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಮೇಲೆ ಎಲ್ಲರ ಕಣ್ಣು. ಆಕೆಯ ಹೆಸರು ಹೇಳುವುದಿಲ್ಲ. ಕೆಲಸ ಬಿಡಿಸಿರಿ ಎಂದು ನನ್ನ ಹೆಂಡತಿ ಪಟ್ಟು ಹಿಡಿದಳು. ಯಾರು ನೋಡಿದರು ಎಂದು ಕೇಳಿದೆ. "ನೋಡೋದೇನೈತೆ? ಮತ್ಯಾರು?" ಅಂದಳು. ಸೀಮೆಎಣ್ಣೆ ಅಂಗಡಿಯಿಂದ ಅತ್ತುಕೊಂಡು ಬಂದವಳೇ ಹೀಗಂದಳು. ಅವಳು ಇಲ್ಲೇ ಕುಳಿತಿದ್ದಾಳೆ, ಮನೆಗೆ ಹೋದ ಮೇಲೆ ನನ್ನ ವಿಚಾರಣೆ ಇದೆ.

ಆ ಹೆಣ್ಣುಮಗಳು, "ನಾ ತಗಂಡಿಲ್ಲ ಅಂತ ನೀವು ಎಲ್ರ ಮುಂದ ಹೇಳ್ರಿ ಸಾಹೇಬ್ರ" ಎಂದು ಅತ್ತಳು. ಹೇಳೋಣವೆಂದು ಬಾಯಿ ತೆಗೆದೆ, ಆಗಲಿಲ್ಲ. ನನಗೆ ಗೊತ್ತಿರಲಿಲ್ಲ. "ನಾ ಅಲ್ಲಿರಲಿಲ್ಲವ್ವ. ನಾಳೆ ಕೆಲಸಕ್ಕೆ ಬಾ" ಎಂದೆ. ಅಂದ ಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಚೈನು ಇವತ್ತಿಗೂ ಸಿಕ್ಕಿಲ್ಲ. ಆಕೆ ಇವತ್ತಿಗೂ ನಮ್ಮಲ್ಲೇ ಇದ್ದಾಳೆ. ಗೊತ್ತಿಲ್ಲದೆಯೂ ಒಬ್ಬರನ್ನು ಮನುಷ್ಯರಂತೆ ನಡೆಸಿಕೊಳ್ಳಬಹುದು ಎಂಬುದು ನನಗೆ ಅವತ್ತು ತಿಳಿಯಿತು. ನಿಮ್ಮ ಮೇಲಿನ ಸಿಟ್ಟೂ ಅವತ್ತೇ ಇಳಿಯಿತು.

ಇನ್ನೊಂದೇ ಮಾತು, ಗಿಡ್ಡಪ್ಪನವರು ಗಡಿಯಾರ ನೋಡುತ್ತಿದ್ದಾರೆ. ಹೋದ ಶ್ರಾವಣದಲ್ಲಿ ಉಜ್ಜನಪ್ಪನವರು ನನ್ನ ಭಟ್ಟಿಗೆ ಬಂದರು. ಅವರ ಭಟ್ಟಿಯ ಒಲೆ ಕುಸಿದಿತ್ತಂತೆ, ಮನೆಯ ಮದುವೆಗೆ ಮಂಡಕ್ಕಿ ಬೇಕಾಗಿತ್ತು. ತುಂಬಾ ಸೊರಗಿದ್ದರು. ಚಾ ತರಿಸಿದೆ. ಬೆಳಿಗ್ಗೆ ಬೇಗ ಹೊರಟಿದ್ದರಿಂದ ಪೂಜೆಯಾಗಿಲ್ಲ, ಕುಡಿಯುವಂತಿಲ್ಲ ಎಂದರು. ಬಾವಿಯ ಪಕ್ಕದ ಕೋಣೆ ಗುಡಿಸಿ, ನೀರಿಟ್ಟು, ಮಣೆ ಹಾಕಿಸಿದೆ. ಅವರು ಕುಳಿತು ಕೊರಳಿನ ಹೊಸ ಕರಡಿಗೆ ಬಿಚ್ಚಿದರು. ನಾನು ಸರಕ್ಕನೆ ಬಾಗಿಲಿಗೆ ಹೊರಟೆ. ಬಿಚ್ಚಿದ ಕರಡಿಗೆ ಇರುವ ಕೋಣೆಯಲ್ಲಿ ನಿಲ್ಲುವ ಧೈರ್ಯ ನನಗೆಲ್ಲಿದೆ?

"ಎಲ್ಲಿಗ್ಹೋಗ್ತಿ ಮಸ್ತಾನ? ಇಲ್ಲೇ ಕೂಡ್ರು" ಅಂದರು.

ಕುಳಿತೆ. ಅವರು ಬರಿದಾದ ಕರಡಿಗೆಯನ್ನು ನನ್ನ ಕಡೆಗಿನ ಮಣೆಯ ಮೇಲಿಟ್ಟರು. ಲಿಂಗವನ್ನು ಅಂಗೈಗೆ ತೆಗೆದುಕೊಂಡರು. ಪೂಜೆ ಮುಗಿಯುವ ತನಕ ಒಮ್ಮೆಯೂ ಈ ಕಡೆ ನೋಡಲಿಲ್ಲ. ನನ್ನ ಮುಖ ಅವತ್ತೂ ಕರ್ರಗೇ ಇತ್ತು, ಕಣ್ಣೀರು ಇಳಿದ ಕಡೆ ಮಾತ್ರ ಬೆಳ್ಳಗಾಗಿತ್ತೆಂದು ಆಮೇಲೆ ಸುಗ್ರಾಬಿ ಹೇಳಿದಳು.

ಸ್ವಾಮಿ, ನಾನು ಕದ್ದಿಲ್ಲ ಎಂದು ನೀವು ಬರೆಯಲಿಲ್ಲ. ಬರೆದಿದ್ದರೆ ಉಜ್ಜನಪ್ಪನವರು ಅದನ್ನು ನಂಬುತ್ತಿರಲಿಲ್ಲ. ನೀವು ನನ್ನನ್ನು ಮನೆಗೆ ಕಳಿಸಿದಿರಿ, ಉಳಿದದ್ದನ್ನು ಅವರು ತಮ್ಮ ಕಾಲಕ್ಕೆ ತಾವೇ ತೀರ್ಮಾನಿಸಿದರು.

ಆರೋಪಿಗೆ ಮಾತಾಡಲು ಅವಕಾಶ ಕೊಟ್ಟ ಅಧ್ಯಕ್ಷರಿಗೂ, ಎದ್ದು ಹೋಗದೆ ಕೇಳಿದ ನಿಮಗೂ ನನ್ನ ಕೃತಜ್ಞತೆಗಳು. ನಿಮ್ಮೆಲ್ಲರಿಗೂ, ಮುರುಗೇಶಪ್ಪನವರಿಗೆ ವಿಶೇಷವಾಗಿ, ನಮಸ್ಕಾರ.