ಎತ್ತಬಾರದ ಕೈ

ದೀಪ ಸಣ್ಣ ಮಾಡಿ, ಹೇಳ್ತೀನಿ. ಬಾವಿ, ಆಲದ ಮರ ಅಂತ ಹೆದರಿಸೋ ಕತೆ ಅಲ್ಲ ಇದು. ನಮ್ಮ ಭಾವನಿಗೇ ಆಗಿದ್ದು. ನಗೋರು ಈಗಲೇ ನಕ್ಕು ಮುಗಿಸಿ.

ಭಾವನ ಕೆಲಸ ರಕ್ಷಣಾ ಹೆಲಿಕಾಪ್ಟರಿನಲ್ಲಿ. ಸಮುದ್ರದಲ್ಲಿ ಶಾರ್ಕ್ ಕಚ್ಚಿದೋರನ್ನ ಎತ್ಕೊಂಡು, ಆಸ್ಪತ್ರೆ ಮುಟ್ಟಿಸೋವರೆಗೂ ಜೀವ ಹಿಡಿದಿಡಬೇಕು. ಅವರಲ್ಲೊಂದು ಕಟ್ಟುನಿಟ್ಟು. ಗಾಯ ಒತ್ತಿ ಹಿಡಿದ ಕೈಯನ್ನ ಡಾಕ್ಟರು 'ಬಿಡಿ' ಅನ್ನೋವರೆಗೂ ಎತ್ತೋ ಹಾಗಿಲ್ಲ. ಹಿಂದಿನ ವರ್ಷ ಭಾವ ಎತ್ತಿದ್ರು. ರಕ್ತ ನಿಂತಿದೆಯಾ ಅಂತ ನೋಡೋಕೆ... ಒಂದೇ ಒಂದು ಸಲ. ಹತ್ತು ವರ್ಷದ ಹುಡುಗಿ. ದಾರೀಲೇ ಹೋಯ್ತು ಮಗು. ನಮ್ಮಕ್ಕನ್ನ ಬಿಟ್ಟು ಯಾರ ಹತ್ರಾನೂ ಹೇಳಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಕೊಂಡ ಹಾಗೆ ವರ್ಷ ಕಳೆದ್ರು.

ಆಮೇಲೆ ಈ ಮೀನುಗಾರ. ಕಚ್ಚಿದ್ದು ತೊಡೆಯ ಸಂದಿಗೆ, ಪಟ್ಟಿ ಬಿಗಿಯೋಕೆ ಜಾಗವೇ ಇಲ್ಲ. ಭಾವ ಗಾಯದೊಳಗೆ ಬಟ್ಟೆ ತುರುಕಿ, ಮುಷ್ಟಿ ಊರಿ ಕೂತ್ರು. ಆಗಲೇ ಕತ್ತಲಾಗಿತ್ತು. ಆಸ್ಪತ್ರೆಗೆ ನಲವತ್ತು ನಿಮಿಷ. ಮೇಲೆ ರೆಕ್ಕೆ ದಬದಬದಬ... ಕಿವೀಲಿ ಹೆಡ್‌ಫೋನು ಚರ್ರ್ ಅಂತಿದೆ.

ಇಪ್ಪತ್ತು ನಿಮಿಷಕ್ಕೆ ಕೈ ಜೋಮು ಹಿಡೀತು. ಒಂಚೂರು ಸಡಿಲಿಸೋಣ ಅಂತ ಎಳೆದ್ರು... ಬರಲಿಲ್ಲ. ಮೇಲಿಂದ ಯಾರೋ ಒತ್ತಿ ಹಿಡಿದಿದ್ರು. ಪುಟ್ಟ ಬೆರಳು. ಒದ್ದೆ. ಕೊರೆಯೋ ಹಾಗೆ ತಣ್ಣಗೆ.

"ನನ್ನ ಕೈ ಯಾಕಮ್ಮ ಹಿಡಿದಿದ್ದೀಯಾ?" ಅಂತ ಜೊತೆಗಿದ್ದ ನರ್ಸನ್ನ ಮೈಕಿನಲ್ಲಿ ಮೆಲ್ಲಗೆ ಕೇಳಿದ್ರು.

ಅವಳು ಮೀನುಗಾರನ ತಲೆ ಹತ್ರ ಉಸಿರಿನ ಚೀಲ ಒತ್ತುತ್ತಿದ್ಲು. "ನನ್ನೆರಡೂ ಕೈ ಇಲ್ಲೇ ಇದೆಯಲ್ಲ, ಅಣ್ಣ."

ಭಾವ ಓಡೋದಾದ್ರೂ ಎಲ್ಲಿಗೆ? ಬಾಗಿಲು ಮುಚ್ಚಿದೆ, ಕೆಳಗೆ ಸಮುದ್ರ, ಕೈ ಅಡಿಯಲ್ಲೊಂದು ಜೀವ. ಕಣ್ಣು ಮುಚ್ಚಿ ಕೂತ್ರು. ಅಷ್ಟು ಗದ್ದಲದಲ್ಲೂ ಪಕ್ಕದಲ್ಲೇ ನೀರು ತೊಟ್ಟಿಕ್ಕೋದು ಕೇಳ್ತಿತ್ತು. ಟಪ್... ಟಪ್... ಆ ಕಡೆ ತಿರುಗೋ ಧೈರ್ಯ ಬರಲಿಲ್ಲ ಅಂತಾರೆ.

ಇಳಿದ ತಕ್ಷಣ ಡಾಕ್ಟರು ಒಳಗೆ ಹತ್ತಿ, ಗಾಯಕ್ಕೆ ತಾವು ಕೈ ಹಾಕಿ, 'ಬಿಡಿ' ಅಂದ್ರು. ಭಾವನ ಕೈ ಬರಲಿಲ್ಲ. ಮತ್ತೆ ಅಂದ್ರು. ಊಹೂಂ. ಆಗ ಭಾವ ತಲೆ ತಗ್ಗಿಸಿ ಪಿಸುಗುಟ್ಟಿದ್ರು.

"ಆಸ್ಪತ್ರೆ ಬಂತು ಕಣಮ್ಮ. ತಲುಪಿದ್ವಿ. ಇನ್ನು ಬಿಡು ಪುಟ್ಟಾ."

ಬೆರಳು ಒಂದೊಂದಾಗಿ ಸಡಿಲಾದ್ವು...

ಮೀನುಗಾರ ಬದುಕಿದ. ಈಗಲೂ ಬಲೆ ಹೆಣೀತಾ ಕೂತಿರ್ತಾನೆ. ಭಾವ ಆ ರಾತ್ರಿ ಮನೆಗೆ ಬಂದು ಅಕ್ಕನ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ರು.

ಬೆಳಿಗ್ಗೆ ಹೆಲಿಕಾಪ್ಟರ್ ತೊಳೆಯೋಕೆ ಹೋದ ಮೆಕ್ಯಾನಿಕ್ ಎಲ್ಲರನ್ನೂ ಬೈದನಂತೆ. ಭಾವನ ಪಕ್ಕದ ಖಾಲಿ ಸೀಟಿನ ಬೆಲ್ಟನ್ನ ಇಷ್ಟು ಬಿಗಿಯಾಗಿ ಹಾಕಿದ್ದು ಯಾರು ಅಂತ. ಏನು ಮಾಡಿದ್ರೂ ಬಿಚ್ಚಲಿಲ್ಲ, ಕೊನೆಗೆ ಕತ್ತರಿಸಿದ್ರು. ಸುಳ್ಳು ಹೇಳೋಕೆ ನನಗೇನು ಹುಚ್ಚೇ? ಆ ಬೆಲ್ಟನ್ನ ನಾನೇ ಹಿಡಿದು ನೋಡಿದ್ದೀನಿ. ಬಕಲ್ ಹಾಕಿದ ಅಳತೆ ಹಾಗೇ ಇದೆ, ನನ್ನ ಸೊಂಟಕ್ಕೆ ಅರ್ಧವೂ ಬರಲ್ಲ.