ಇಳಿಯದ ವೋಲ್ಟೇಜ್

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಶೇರ್ ರಿಕ್ಷಾ ಸಾಲಿನಲ್ಲಿ ನಿಂತಿದ್ದ ರಮಾಕಾಂತರ ಬೆನ್ನ ಹಿಂದೆಯೇ ಕಲಬುರಗಿ ಕಡೆಯ ಕನ್ನಡ ಕೇಳಿಸಿತು. ಕಾರ್ಖಾನೆಯ ಬ್ಯಾಜು ತೊಟ್ಟ ಹೆಣ್ಣುಮಗಳೊಬ್ಬಳು ತನ್ನ ಸೂಪರ್‌ವೈಸರ್ ಮೇಲೆ ರೇಗುತ್ತಿದ್ದಳು.

“ಅಂಬರೀಶಣ್ಣಾ, ಬೋರ್ಡ್ ಟೆಸ್ಟಿಗಂತ, ಗಾಡಿ ಚಾಲೂ ಮಾಡಿದಾಗ ಬ್ಯಾಟರಿ ಕುಸಿಯೋ ಹಂಗ ಫಂಕ್ಷನ್ ಜನರೇಟರ್ ಸೆಟ್ ಮಾಡೀನಿ. ಅದು ಹೇಳಿದಂಗ ಬೋರ್ಡಿಗೆ ಕರೆಂಟ್ ಕೊಡೋ ಪವರ್ ಸಪ್ಲೈ ಹನ್ನೆರಡರಿಂದ ಆರು ವೋಲ್ಟಿಗೆ ಗಪ್ಪನ ಇಳೀಬೇಕು. ಇಳೀತಿದ್ದಿಲ್ಲ.”

“ಸ್ಕ್ರೀನ್ ಮ್ಯಾಲ ಆರು ಅಂತ ಬರ್ತದಲ್ಲ, ಸುಲೋಚನಾ?”

“ಅದು ನಾವು ಕೊಟ್ಟ ಹುಕುಂ ಅಷ್ಟೇರಿ. ಬ್ಯಾರೆ ಮೀಟರ್ ಹಚ್ಚಿ ನೋಡೀನಿ. ನಿಧಾನಕ್ಕ ಜಾರಿ ಒಂಬತ್ತಕ್ಕ ಬರೋದ್ರಾಗ ಮತ್ತ ಏರ್ತದ.”

“ಕರೆಂಟ್ ಎಳಿಯೋ ಲೋಡ್ ಸಾಲದು. ಹೊರಗೊಂದು ರೆಸಿಸ್ಟರ್ ಜೋಡಿಸು.”

“ಇವತ್ತು ಜೋಡಿಸ್ದೆ. ವೋಲ್ಟೇಜ್ ಇಳೀತು, ಬೋರ್ಡೂ ಬಂದ್ ಬಿದ್ವು. ಹತ್ತರಾಗ ನಾಲ್ಕು.”



“ಅವಕ್ಕೆಲ್ಲಾ ಪಾಸ್ ಅಂತ ಸಹಿ ಆಗ್ಯಾದಲ್ಲ!”

“ನನ್ನದೇ ಸಹಿ. ಆವಾಗ ವೋಲ್ಟೇಜ್ ಇಳಿದೇ ಇದ್ದಿಲ್ಲ, ಅದಕ್ಕ ಪಾಸ್ ಆಗ್ಯಾವ. ಆಂಬುಲೆನ್ಸಿನ ಆಕ್ಸಿಜನ್ ಪಂಪಿಗೆ ಹೋಗೋ ಬೋರ್ಡ್ ಅಣ್ಣಾ ಅವು. ಡ್ರೈವರ್ ಚಾವಿ ತಿರುಗಿಸಿದ ಕೂಡ್ಲೆ ಪಂಪ್ ನಿಂತ್ರ?”

“ಮಾಲು ನಾಳೆ ಹೋಗೋದದ. ಸಾಹೇಬ್ರಿಗಿ ಏನ್ ಹೇಳ್ಲಿ?”

“ಏನಾರ ಹೇಳ್ರಿ. ಪ್ಯಾಕ್ ಆದ ಪೆಟ್ಟಿಗಿ ಎಲ್ಲಾದ್ರ ಸೀಲ್ ನಾ ಒಡದು ಬಂದೀನಿ.”

“ಏನಂದಿ?”

“ಒಂದೂ ಬಿಟ್ಟಿಲ್ರಿ.”

ಅಂಬರೀಶ ದೀರ್ಘವಾಗಿ ಉಸಿರು ಬಿಟ್ಟದ್ದು ರಮಾಕಾಂತರಿಗೂ ಕೇಳಿಸಿತು.

“ನಡಿ ವಾಪಸ್. ಉಳಿದ ಬೋರ್ಡನ್ನೂ ಇವತ್ತೇ ಟೆಸ್ಟ್ ಮಾಡಿ ನೋಡೋಣು. ಮೊದ್ಲೇ ನನಗ ಹೇಳಬಾರದಿತ್ತೇನು?”

“ಮೂರು ದಿನದಿಂದ ಮತ್ತೇನು ಹೇಳ್ಲಿಕತ್ತೀನ್ರಿ!”

ರಿಕ್ಷಾ ಬಂದು ನಿಂತಾಗ ರಮಾಕಾಂತರು ತಿರುಗಿ ನೋಡಿದರು. ಇಬ್ಬರೂ ಜಗಳವಾಡುತ್ತಲೇ ಕಾರ್ಖಾನೆಯ ಕಡೆಗೆ ಬಿರಬಿರನೆ ನಡೆದಿದ್ದರು.